ತಿಂಗಳ ಕೊನೆ, ಆಳಂದ ಚೆಕ್‌ಪೋಸ್ಟ್

ಇನ್ನೂ ಹದಿನೇಳು ರಸೀದಿ ಬಾಕಿ ಅವ.
ಬೇವಿನ ನೆರಳು ಸರದದ,
ನಾವೂ ಸರದೀವಿ, ಮಷಿನ್ ಹಿಡಕೊಂಡು.

ಡಿವೈಡರಿನ ಬಾಯಿ ಬಾಳ ದೂರ ಬಿಟ್ಟಾರ.
ನೆಟ್ಟಗ ಹೋದ್ರ ಎರಡು ಕಿಲೋಮೀಟರ್ ಸುತ್ತು,
ಅಡ್ಡ ಹಾದ್ರ ನಮ್ಮ ಕೈಗೆ.
ಹೋದ ಯುಗಾದಿಗೇ ಬರದು ಕೊಟ್ಟಿದ್ದೆ,
ಇಲ್ಲೊಂದು ದಾರಿ ಬಿಡಿಸ್ರಿ ಅಂತ.
ಸಾಹೇಬರು ಕಾಗದ ಮಡಚಿ
ಚಹಾದ ಕಪ್ಪಿನ ಕೆಳಗ ಇಟ್ಟರು:
"ಮಾಳಪ್ಪ, ಮತ್ತ ದಿನಕ್ಕ ನಲವತ್ತು ಕೇಸು
ಎಲ್ಲಿಂದ ತರತಿ?"

ಹಾಲಿನ ಲಾಲೇಸಾಬ ಬಂದ.
ಕೈ ತೋರಸೂಕಿಂತ ಮೊದಲೇ ಗಾಡಿ ನಿಲ್ಲಿಸಿ
ರೊಕ್ಕ ಎಣಿಸಿದ.
"ಹಿಂದಿನ ಓಣ್ಯಾಗ
ಯಾರದೋ ಮನಿ ಕೀಲಿ ಮುರಿಲಾಕತ್ತಾರ್ರಿ" ಅಂದ.

ಠಾಣೆಗೆ ಹೇಳು, ಅಂದೆ.
ಠಾಣೆಯವರೆಲ್ಲ
ಇಲ್ಲೇ ಇದ್ದರು.

ಹದಿನಾರು.