ಖಾರವಿಲ್ಲದ ಮಣ್ಣು

ಬೀದರಿನ ಮಣ್ಣು ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಲ್ಲೇ ಉಳಿಯಿತು,
ಕಾಲು ಕಿಲೋ, ಬಿಸ್ಕತ್ತಿನ ಡಬ್ಬಿಯಲ್ಲಿ.
ಕೋಟೆಯೊಳಗಿನದು, ಬಿಸಿಲು ಮಳೆ ಕಾಣದ್ದು ಎಂದು
ನಾನು ಅನುವಾದಿಸಿದಷ್ಟೂ
ಅಧಿಕಾರಿಯ ಅನುಮಾನ ಹೆಚ್ಚಿತು.

ಶೆಫೀಲ್ಡಿನಲ್ಲಿ ಡೊರೀನ್ ಆಕ್ರಾಯ್ಡ್,
ಮೂರು ತಲೆಮಾರು ಚಮಚ ಬಡಿದವರ ಮಗಳು,
ಮುಚ್ಚಿದ ಕುಲುಮೆಯ ನೆಲ ಕೆದರಿ
ಒಂದು ಬೊಗಸೆ ತಂದಳು.
ಮುನೀರ್ ಉಸ್ತಾದರು ಚಿಟಿಕೆ ತೆಗೆದು
ನಾಲಿಗೆಯ ಮೇಲಿಟ್ಟರು.
ವಿದ್ಯಾರ್ಥಿಗಳು ಬರೆದುಕೊಳ್ಳುವುದನ್ನು ನಿಲ್ಲಿಸಿದರು.

"ಇದ್ದಲಿ ಹೊಗಿ ಅದ, ತುಕ್ಕು ಅದ.
ಖಾರ ಇಲ್ಲ."
ಆ ಖಾರಕ್ಕೆ ಇಂಗ್ಲಿಷಿನಲ್ಲಿ
ನನಗೆ ಮೆಣಸಿನಕಾಯಿಯೇ ಸಿಕ್ಕಿತು.

ಆದರೂ ಕುದಿಸಿದರು, ನವಸಾಗರ ಬೆರೆಸಿ.
ಹೂಜಿ ಮೇಲೆದ್ದಾಗ ಕಪ್ಪಿರಲಿಲ್ಲ:
ನಸುಕಿನ ಒಲೆಯ ಬೂದಿ.
ಬೆಳ್ಳಿಯ ಬಳ್ಳಿ ಅದರೊಳಗೆ
ಅರ್ಧ ಮುಳುಗಿ, ಅರ್ಧ ತೇಲಿ.
"ಕೆಟ್ಟಿತು" ಅಂದರು ಉಸ್ತಾದರು.
"ಇದು ನಮ್ಮೂರ ಆಕಾಶ" ಅಂದಳು ಡೊರೀನ್.
ಎರಡನ್ನೂ ದಾಟಿಸಿದೆ,
ಮೊದಲನೆಯದನ್ನು ತುಸು ಮೆತ್ತಗೆ.

ಪ್ರದರ್ಶನದಲ್ಲಿ ಮೊದಲು ಮಾರಿಹೋದದ್ದು ಅದೇ.
ಅಪ್ಪಟ ಕಪ್ಪಿನವು, ಊರಿಂದ ಬಂದವು,
ಗಾಜಿನ ಹಿಂದೆ ಮಿಂಚುತ್ತಾ ಕೂತಿದ್ದವು.
ಲಂಡನ್ನಿನ ಅಂಗಡಿಯೊಂದಕ್ಕೆ ಇನ್ನೂ ಹನ್ನೆರಡು ಬೇಕಂತೆ,
ಇದೇ ಬೂದಿ, ಇದೇ ಮಬ್ಬು,
ಒಂದಕ್ಕೊಂದು ಹೋಲಬೇಕಂತೆ.

ಬಸ್ಸಿನಲ್ಲಿ ಕೇಳಿದರು:
"ತಪ್ಪು ಅನ್ನೋದನ್ನ ಹನ್ನೆರಡು ಸಲ
ಸರಿಯಾಗಿ ಮಾಡೋದು ಹ್ಯಾಂಗ್ರೀ, ಬಾಯಿ?"

ಕಿಟಕಿಯಾಚೆ ಚಿಮಣಿಗಳು, ಹೊಗೆಯಿಲ್ಲದವು.
ಉಸ್ತಾದರ ತೊಡೆಯ ಮೇಲೆ ಹೊಸ ಬಿಸ್ಕತ್ತಿನ ಡಬ್ಬಿ,
ಒಳಗೆ ಡೊರೀನಳ ನೆಲದ ಮಣ್ಣು.
ಹೈದರಾಬಾದಿನಲ್ಲಿ ಇಳಿದಾಗ
ಇದೇನೆಂದು ಕೇಳಿದರೆ ಹೇಳಲು
ಒಂದು ಮಾತನ್ನು
ತುಟಿಯೊಳಗೇ ಉರು ಹೊಡೆಯುತ್ತಿದ್ದರು.