ಅನ್ಯ ಕರ್ತವ್ಯ

ಹಾಜರಿ ಪುಸ್ತಕದ ಹನ್ನೊಂದನೆಯ ಸಾಲು:
ಪಣಿಎರವರ ಜಾನು, ನಾಲ್ಕನೇ ಕ್ಲಾಸು.
ಸೋಮವಾರ ಗೈರು. ಮಂಗಳವಾರ ಗೈರು.
ಬುಧವಾರ ನನ್ನ ಕೆಂಪು ಪೆನ್ನು
ಅವಳ ಹೆಸರಿನ ಹತ್ತಿರ ಸ್ವಲ್ಪ ಹೊತ್ತು ಕಾದು
ಗೈರು ಅಂತಲೇ ಬರೆಯಿತು.

ಮೂರು ದಿನವಾದರೆ ಫೋನು ಮಾಡಬೇಕು. ಮಾಡಿದೆ.
ನೀವು ಕರೆ ಮಾಡಿರುವ ಚಂದಾದಾರರು, ಎಂದಿತು
ಬಹಳ ಓದಿದವಳೊಬ್ಬಳ ದನಿ.
ಏಳು ದಿನವಾದರೆ ನೋಟೀಸು. ಆಮೇಲೆ ಮಗು
ಬೇರೆ ಪಟ್ಟಿಗೆ ಹೋಗುತ್ತದೆ: ಶಾಲೆಯಿಂದ ಹೊರಗುಳಿದವರು.
ಆ ಪಟ್ಟಿಗೆ ಒಂದು ಹೆಸರು ಸೇರಿದರೂ ಸಾಕು,
ರಾತ್ರಿ ಒಂಬತ್ತಕ್ಕೆ ಸಿಆರ್‌ಪಿ ಸಾಹೇಬರು ಫೋನು ಮಾಡುತ್ತಾರೆ,
ಊಟ ಆಯ್ತಾ ಮೇಡಂ ಅಂತ ಶುರುಮಾಡಿ.

ಆ್ಯಪಿಗೆ ಸಿಗ್ನಲ್ ಬೇಕು. ಮಾಲ್ದಾರೆಯ ನಮ್ಮ ಶಾಲೆಯಲ್ಲಿ
ಸಿಗ್ನಲ್ ಇರುವುದು ನೀರಿನ ಟ್ಯಾಂಕಿನ ಏಣಿಯ ಮೇಲೆ.
ಅಲ್ಲಿ ನಿಂತು, ಸೆರಗು ಸಿಕ್ಕಿಸಿ, ಹತ್ತೂವರೆಯೊಳಗೆ
ಹದಿನಾರು ಮಕ್ಕಳನ್ನು ಒಬ್ಬೊಬ್ಬರಾಗಿ
ಸರ್ಕಾರಕ್ಕೆ ಒಪ್ಪಿಸುತ್ತೇನೆ.
ಮೊಟ್ಟೆಯ ಲೆಕ್ಕ ಇದಕ್ಕೇ ತಾಳೆಯಾಗಬೇಕು.
ಹದಿನೈದು ಹಾಜರಿ, ಹದಿನೈದು ಮೊಟ್ಟೆ.
ಅಡುಗೆಯ ನಬೀಸ ಹದಿನಾರು ಬೇಯಿಸುತ್ತಾಳೆ.
ಬಂದ್ರೆ? ಅನ್ನುತ್ತಾಳೆ.
ಬಾರದ ದಿನ ಅದು ಯಾರ ಹೊಟ್ಟೆ ಸೇರಿತು ಅಂತ
ನಾನು ಕೇಳಿಲ್ಲ.

ಗೈರಿಗೆ ಕಾರಣ ಆ್ಯಪೇ ಕೊಡುತ್ತದೆ, ನಾವು ಆರಿಸಿದರಾಯಿತು:
ಅನಾರೋಗ್ಯ, ವಲಸೆ, ಮನೆಯಲ್ಲಿ ಸಾವು, ಇತರೆ.
ಬಾಣೆಯಲ್ಲಿ ಮೂರು ಆನೆ, ಮರಿಯೂ ಉಂಟು,
ಯಾರೂ ದಾರಿಗಿಳಿಯಬೇಡಿ ಅಂತ
ಅರಣ್ಯದವರ ಜೀಪು ಕೂಗಿಕೊಂಡು ಹೋದ ಬೆಳಿಗ್ಗೆ
ನಾನು ಇತರೆ ಒತ್ತಿದ್ದೆ.
ನಮ್ಮ ಕಡೆಯ ಆನೆಗಳೆಲ್ಲ ಇತರೆಯೊಳಗಿವೆ.

ಎಂಟನೆಯ ಮಧ್ಯಾಹ್ನ ನೋಟೀಸು ಹಿಡಿದು ಹೋದೆ.
ರೋಬಸ್ಟಾ ಕೊಯ್ಲು. ಲೈನ್‌ಮನೆಗಳಲ್ಲಿ ಜನ ಇಲ್ಲ,
ಬೀಗವೂ ಇಲ್ಲ.
ತೋಟದೊಳಗೆ, ಮೆಣಸು ಹಬ್ಬಿದ ಹಾಲುವಾಣಕ್ಕೆ
ಸೀರೆಯ ಜೋಲಿ. ಜೋಲಿಯಲ್ಲಿ ತಮ್ಮ.
ಹಗ್ಗದ ತುದಿಯಲ್ಲಿ ಜಾನು.

ಅವಳ ಅವ್ವನಿಗೆ ಓದಿ ಹೇಳಿದೆ. ಕಾಯ್ದೆಯ ಹೆಸರು, ಕಲಮು.
'ತಪ್ಪಿದಲ್ಲಿ' ಬಂದಾಗ ದನಿ ಇಳಿಸಿದೆ,
ಕೂಸು ಮಲಗಿತ್ತು.
ಕೊಯ್ಯುವ ಕೈ ನಿಲ್ಲಲಿಲ್ಲ.
ಕಿಲೋಗಿಷ್ಟು ಅಂತ ಟೀಚರೆ, ಇನ್ನು ಹದಿನೈದು ದಿನ.
ಎಲ್ಲಿ ಒತ್ತಬೇಕು?
ಹೆಬ್ಬೆರಳಿಗೆ ಕಾಫಿಹಣ್ಣಿನ ಅಂಟು,
ಇಂಕಿನ ಡಬ್ಬಿ ತೆಗೆಯುವ ಕೆಲಸ ಬೀಳಲಿಲ್ಲ.

ಜಾನು ನನ್ನನ್ನೇ ನೋಡುತ್ತಿದ್ದಳು.
ಕ್ರಿಸ್‌ಮಸ್ಸಿಗೆ ಮುಂಚೆ ನೀವೂ ಬರ್ಲಿಲ್ಲ, ಆರು ದಿನ.
ನಿಮ್ಮ ಮನೆಗೆ ಯಾರು ಬಂದ್ರು?

ತರಬೇತಿ ಇತ್ತು ಮಗ, ಮಡಿಕೇರಿಯಲ್ಲಿ.
ಅದು ಗೈರಲ್ಲ. ಅದಕ್ಕೆ ಓಓಡಿ ಅಂತಾರೆ.
ಅಂದ್ರೆ?
ಅನ್ಯ ಕರ್ತವ್ಯ. ಬೇರೆ ಕೆಲಸದಲ್ಲಿದ್ದರೆ
ಬಂದ ಹಾಗೇ ಲೆಕ್ಕ.

ಅವಳು ಹಗ್ಗ ಎಳೆದಳು.
ಜೋಲಿ ಅತ್ತ ಹೋಯಿತು, ಇತ್ತ ಬಂತು.

ಹಿಂದಿರುಗುವ ದಾರಿಯಲ್ಲಿ ಲದ್ದಿ, ಇನ್ನೂ ಹಬೆಯಾಡುತ್ತಿತ್ತು,
ತುಂಬ ಕಾಫಿಬೀಜ. ಬೇಗಬೇಗ ನಡೆದೆ.
ಮನೆಗೆ ಬಂದು ನೋಡಿದರೆ
ಬ್ಯಾಗಿನಲ್ಲಿ ನೋಟೀಸಿಗೆ ಇರುವೆ ಹತ್ತಿತ್ತು,
ಹೆಬ್ಬೆಟ್ಟಿನ ಸುತ್ತ ಮಾತ್ರ.

ಬೆಳಿಗ್ಗೆ ಹನ್ನೊಂದನೆಯ ಸಾಲಿನ ಹೊಸ ಚೌಕದಲ್ಲಿ
ಪೆನ್ಸಿಲ್‌ನಲ್ಲಿ ಅ.ಕ. ಅಂತ ಬರೆದೆ.
ಅಳಿಸಲಿಲ್ಲ. ಪೆನ್ನಿನಿಂದ ತಿದ್ದುವ ಧೈರ್ಯವೂ ಬರಲಿಲ್ಲ.
ಏಣಿ ಹತ್ತಿದೆ. ಒಂದೇ ಗೆರೆ ಸಿಗ್ನಲ್.
ಆ್ಯಪಿನಲ್ಲಿ ಅಂಥ ಗುಂಡಿ ಇಲ್ಲ.

ಇತರೆ ಒತ್ತಿದೆ.
ಒಳಗೆ ಮೂರು ಆನೆ, ಒಂದು ಮರಿ ಮೊದಲೇ ನಿಂತಿದ್ದವು.
ಕಿವಿ ಬೀಸಿ, ಸ್ವಲ್ಪ ಸರಿದು,
ಜಾಗ ಕೊಟ್ಟವು.