ಒಂದು ಕಿಲೋ ಮುನ್ನೂರು ಗ್ರಾಂ

ಸೂಟ್‌ಕೇಸಿಗೆ ಇಪ್ಪತ್ಮೂರು ಕಿಲೋ, ಮೇಲೆ ಒಂದು ಗ್ರಾಮೂ ಇಲ್ಲ
ಅಂತ ಕಾಗದದಲ್ಲಿತ್ತು.
ಅಬ್ಬಾ ಹಿಡಿಕೆ ಹಿಡಿದೆತ್ತಿದರು, ಕಣ್ಣು ಮುಚ್ಚಿ,
ಮಾರ್ಕೆಟ್ಟಿನಲ್ಲಿ ಗೂಡಿನ ಲಾಟಿಗೆ ಕೈಯಿಟ್ಟು
ಎಷ್ಟು ನೂಲು ಬಿಡುತ್ತೆ ಅಂತ ಹೇಳುವ ಹಾಗೆ:
‘ಇಪ್ಪತ್ತೊಂದೂವರೆ. ಮೇಲೊಂಚೂರು.’
ಇರ್ಷಾದ್‌ಗೆ ನಂಬಿಕೆಯಿಲ್ಲ. ಗೂಡು ತೂಗುವ ಯಂತ್ರ ಎಳೆದು ತಂದ.
ಇಪ್ಪತ್ತೊಂದು ಏಳುನೂರು.

ಹೋಗುವುದು ಎಸ್ಟೋನಿಯಾಕ್ಕೆ, ಒಂದು ಶಾಲಾವರ್ಷ.
ಪಾಸ್‌ಪೋರ್ಟಿನ ವಿಚಾರಣೆಗೆ ಬಂದ ಮುನಿಶಾಮಪ್ಪನವರು
ಚಹಾ ಮುಗಿಸಿ, ಟೋಪಿ ಹಾಕಿಕೊಳ್ಳುತ್ತಾ
‘ದುಬೈ ದಾಟಿ ಅಲ್ವೇನಮ್ಮ?’ ಅಂದರು.
ದಾಟಿ ಸಾರ್, ಅಂದೆ. ತುಂಬಾ ದಾಟಿ.

ದಾದಿಗೆ ಬೇಕಾದದ್ದು ಒಂದೇ,
ಅಲ್ಲಿ ಹೊತ್ತು ಮುಳುಗುವುದು ಎಷ್ಟಕ್ಕೆ.
ಚಳಿಗಾಲದಲ್ಲಿ ಮೂರೂವರೆಗೇ, ಅಂದೆ.
‘ಅಷ್ಟು ಪುಟ್ಟ ರೋಜಾನಾ!’
ಅಗ್ಗಕ್ಕೆ ಸಿಕ್ಕ ಪುಣ್ಯದ ಮೇಲೆ ಅವಳಿಗೆ ಅನುಮಾನ.
ಬೇಸಿಗೆಯಲ್ಲಿ ರಾತ್ರಿ ಹತ್ತರ ಮೇಲೆ ಮುಳುಗುತ್ತೆ ಅಂತ
ನಾನು ಹೇಳಲಿಲ್ಲ.

ಅರ್ಜಿಯಲ್ಲಿ ‘ಮನೆಮಾತು’ ಅಂತ ಒಂದು ಗೆರೆ.
ಒಂದೇ ಗೆರೆ.
ಒಲೆಯ ಮುಂದೆ ದಖನಿ, ಗೂಡು ತರುವವರೊಡನೆ ತೆಲುಗು,
ಲೆಕ್ಕ, ಪರೀಕ್ಷೆ, ಗೆಳತಿಯರ ಜೊತೆ ಠೂ ಬಿಡುವುದೆಲ್ಲ ಕನ್ನಡ.
ಮೂರನ್ನೂ ಸಾಸಿವೆಯಷ್ಟು ಸಣ್ಣಗೆ ಬರೆದೆ,
ಕೊನೆಯದು ಜಾಗ ಸಾಲದೆ ಕೆಳಗಿನ ಪ್ರಶ್ನೆಗೆ ಇಳಿಯಿತು:
‘ಅಲರ್ಜಿ ಏನಾದರೂ ಇದೆಯೆ?’
ಕನ್ನಡ.

ಒಪ್ಪಿಗೆ ಪತ್ರಕ್ಕೆ ಅಮ್ಮಿಯ ಬೆರಳು ಬೇಕಿತ್ತು.
ಹದಿನೆಂಟು ವರ್ಷ ಬಿಸಿನೀರಲ್ಲಿ ಎಳೆ ಹುಡುಕಿದ ಬೆರಳು
ಯಂತ್ರಕ್ಕೆ ಸಿಗಲಿಲ್ಲ.
ಒರೆಸಿ, ಒತ್ತಿ, ಇನ್ನೊಂದು ಬೆರಳು, ಇನ್ನೊಂದು ಕೈ.
‘ಗೆರೆಗಳೇ ಇಲ್ವಲ್ಲಮ್ಮ,’ ಅಂದ ಸೈಬರ್ ಸೆಂಟರಿನ ಹುಡುಗ.
‘ಯಾರದೋ ಮದುವೆ ಸೀರೆಯಲ್ಲಿವೆ, ಹುಡುಕ್ಕೋ ಹೋಗು,’
ಅಂದಳು ಅಮ್ಮಿ, ನಗದೆ.

ಹೆಲ್ವಿ ಎಂಬಾಕೆಯ ಮನೆಯಲ್ಲಿ ನಾನಿರಬೇಕು.
ಅವಳಿಗೊಂದು ಪತ್ರ: ನಿಮ್ಮೂರು, ನಿಮ್ಮ ಮನೆ ಹೇಗಿದೆ ತಿಳಿಸಿ.
ಶಿಡ್ಲಘಟ್ಟ ಅಂತ ಶುರುಮಾಡಿ
ಹುಳ ಬೇಯುವ ವಾಸನೆಯ ಬಗ್ಗೆ ಬರೆದು, ಹೊಡೆದುಹಾಕಿದೆ.
ನಮ್ಮ ಬೀದಿಗೆ ಬಂದವರು ದುಪಟ್ಟಾ, ಕರ್ಚೀಫು, ಸೆರಗು
ಏನು ಸಿಕ್ಕಿತೋ ಅದರಲ್ಲಿ ಮೂಗು ಮುಚ್ಚುತ್ತಾರೆ.
ಹದಿನಾರು ವರ್ಷದಲ್ಲಿ ನನಗೆ ಒಮ್ಮೆಯೂ ಅದು ಬಂದಿಲ್ಲ.
ಹೊಸ ಸ್ವೆಟರನ್ನು ಮೂರು ಸಲ ಒಗೆದೆ.
ನನಗೇ ಕಾಣದ ಕಲೆಯನ್ನು
ಎಲ್ಲಿಯವರೆಗೆ ಉಜ್ಜುವುದು?

ಬೀಳ್ಕೊಡುಗೆಯ ದಿನ ವನಜಾಕ್ಷಿ ಮೇಡಂ ಮೈಕಿನಲ್ಲಿ
‘ಗೂಡು ಬಿಟ್ಟು ಹಾರುವ ಚಿಟ್ಟೆ ನಮ್ಮ ಮುನೀರಾ’ ಅಂದರು.
ಚಪ್ಪಾಳೆ. ಮೇಡಂ ಈ ಊರಿನವರಲ್ಲ.
ನಮ್ಮ ಮನೆಯಲ್ಲಿ ಯಾವ ಚಿಟ್ಟೆಯೂ ಹಾರಿಲ್ಲ, ಮೇಡಂ,
ಹಾರುವ ಮೊದಲೇ ಬೇಯಿಸುತ್ತೇವೆ.
ಅಪ್ಪಿತಪ್ಪಿ ಒಂದು ಕೊರೆದು ಹೊರಬಂತೋ, ಆ ಗೂಡು ದಂಡ.
ಅಷ್ಟುದ್ದದ ಒಂದೇ ಎಳೆ ಸಾವಿರ ಚೂರು.
ಮೂಲೆಯ ಬುಟ್ಟಿಗೆ ಎಸೆಯುತ್ತೇವೆ, ಬಂದಷ್ಟಕ್ಕೆ ಮಾರುತ್ತೇವೆ.
ಇದನ್ನು ಹೇಳಲಿಲ್ಲ. ಹಾರ ಹಾಕಿಸಿಕೊಂಡು ಕೂತೆ.

ರಾತ್ರಿ ಅಬ್ಬಾನನ್ನು ಕೇಳಿದೆ,
ತೂತು ಬಿದ್ದ ಗೂಡನ್ನು ಕೊಂಡವರು ಏನು ಮಾಡ್ತಾರೆ?
‘ಅದು ಬಿಚ್ಚೋಕೆ ಬರಲ್ಲ. ಹತ್ತಿ ಥರ ಹಿಂಜಿ ಹೊಸೀಬೇಕು.
ನಯ ಇರಲ್ಲ. ಗಂಟುಗಂಟು.
ಆದ್ರೆ ಬೆಚ್ಚಗಿರುತ್ತೆ ಅಂತಾರಪ್ಪ.’
ಆಮೇಲೆ ಇನ್ನೇನೋ ಹೇಳಲು ಬಾಯಿ ತೆರೆದವರು
‘ಪಿಯುಸಿ ಒಂದ್ವರ್ಷ ಹಿಂದೆ ಬೀಳುತ್ತಲ್ಲ’ ಅಂದು
ದೀಪ ಆರಿಸಿದರು.

ಇನ್ನೂ ಒಂದು ಕಿಲೋ ಮುನ್ನೂರು ಗ್ರಾಂ ಬಾಕಿ.
ಅಮ್ಮಿ ಉಪ್ಪಿನಕಾಯಿ ಡಬ್ಬಿ ಹಿಡಿದು ಬಾಗಿಲವರೆಗೆ ಬಂದಳು,
ಏನು ಯೋಚಿಸಿದಳೋ, ವಾಪಸ್ ಒಯ್ದಳು.
ದಾದಿ ತನ್ನ ತಸ್ಬಿ ತೋರಿಸಿ
‘ಇದು ತೂಕಕ್ಕೇ ಬರಲ್ಲ ನೋಡು’ ಅಂದಳು, ಕೊಡಲಿಲ್ಲ.
ಎಲ್ಲರೂ ಮಲಗಿದ ಮೇಲೆ ಇರ್ಷಾದ್
ಪೆಟ್ಟಿಗೆ ಇನ್ನೂ ಕೂತಿದ್ದ ಯಂತ್ರದ ಅಂಚಿಗೆ
ಮೆಲ್ಲಗೆ ತನ್ನದೊಂದು ಕಾಲಿಟ್ಟು, ಬಗ್ಗಿ, ಅಂಕಿ ಓದಿದ.
‘ಜಾಸ್ತಿ ಆಯ್ತು,’ ಅಂದ.